ಕೊಂಬು ಮೂಡಿದ ಬೆರಳು

ಗುರುವಾರ ನಮ್ಮೂರ ಆಸ್ಪತ್ರೆಯಲ್ಲಿ
ಕಾಲಿನ ಡಾಕ್ಟರು ಕೂರುವ ದಿನ.
ಡಾಕ್ಟರೆಂದರೆ ಎಸ್ತ್ರೇಲಾಳ ಮೊಮ್ಮಗಳು ಇರಿಯಾ,
ಮೊನ್ನೆ ಮೊನ್ನೆ ಮೂಗು ಸೋರಿಸಿಕೊಂಡು
ದೋಣಿಕಟ್ಟೆಯಲ್ಲಿ ಏಡಿ ಹಿಡಿಯುತ್ತಿದ್ದವಳು.
"ಬೂಟು ಬಿಚ್ಚು, ದೋಸಿಂದಾ" ಅಂತಾಳೆ.

ಬಿಚ್ಚುವುದೇನು ಬಂತು?
ಮುಂಭಾಗ ಕತ್ತರಿಸಿ ಕಿಟಕಿ ಮಾಡಿಕೊಂಡಿದ್ದೇನೆ,
ಬೆರಳಿಗೆ ಗಾಳಿಯಾಡಲಿ ಎಂದು.
ಕಾಲುಚೀಲ ಮಾತ್ರ ತೊಳೆದದ್ದು.
ಪಾದ್ರಿಯ ಮುಂದೆ ಪಾಪ ಹೇಳಿದಷ್ಟು ಸುಲಭವಲ್ಲ
ಎಪ್ಪತ್ತೊಂಬತ್ತರಲ್ಲಿ ಪಾದ ತೋರಿಸುವುದು.

ರಾತ್ರಿ ದುಪ್ಪಟಿಯ ಭಾರಕ್ಕೇ ಜೀವ ಹೋಗುತ್ತದೆ.
ಅಂಚು ತಗುಲಿದರೆ ಸಾಕು,
ನೆತ್ತಿಯವರೆಗೆ ಒಂದು ತಂತಿ ಮಿಡಿಯುತ್ತದೆ.
ಬಗ್ಗಿ ಕತ್ತರಿಸೋಣವೆಂದರೆ ಹೊಟ್ಟೆ ಬಿಡದು, ಸೊಂಟ ಬಿಡದು.
ಹುಟ್ಟಿನಿಂದ ಜೊತೆಗೇ ಬಂದ ಹೆಬ್ಬೆರಳು ಈಗ ಪರದೇಶ:
ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗದು.
ಅಮಾರೋ ಇದ್ದಾಗ ಭಾನುವಾರ ಭಾನುವಾರ
ಬಿಸಿನೀರಿನ ಬೋಗುಣಿಯಲ್ಲಿ ನೆನೆಸಿ
ಬಲೆ ಕೊಯ್ಯುವ ಚಾಕುವಿನಲ್ಲಿ
ಬೈದುಕೊಂಡೇ ಹೆರೆಯುತ್ತಿದ್ದ.
ಅವನು ಹೋಗಿ ಆರು ವರ್ಷ.
ಉಗುರಿಗೆ ಸುದ್ದಿ ಮುಟ್ಟಲಿಲ್ಲ, ಬೆಳೆಯುತ್ತಲೇ ಇತ್ತು.

"ಟಗರಿನ ಕೊಂಬು ಅಂತೀವಿ ಇದಕ್ಕೆ.
ಪಕ್ಕದ ಬೆರಳಲ್ಲಿ ಮಾಂಸದೊಳಕ್ಕೇ ಇಳಿದಿದೆ, ಕೀವಾಗಿದೆ.
ಇಷ್ಟು ದಿನ ಹೇಗೆ ನಡೆದಾಡಿದೆ?"
ಹೇಗೆ ಅಂದರೆ? ಇನ್ನೊಂದು ಕಾಲಲ್ಲಿ.

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅಂತಾರೆ.
ಉಗುರೇ ಕೊಡಲಿ ಕೇಳಿದರೆ?

ಕನ್ನಡಕ ಏರಿಸಿ ನಾನೂ ನೋಡಿದೆ,
ಹೊರಳಿ, ಮಡಿಚಿ, ಪದರ ಪದರ ಹಳದಿಗಟ್ಟಿದ್ದನ್ನು.
ಪೆರ್ಸೆಬೆ! ಥೇಟ್ ಪೆರ್ಸೆಬೆ.
ಕಪ್ಪು ಕತ್ತು, ತುದಿಗೊಂದು ಉಗುರು,
ಅಲೆ ಎಲ್ಲಿ ಅತಿ ಜೋರಾಗಿ ಬಡಿಯುತ್ತದೋ
ಆ ಬಂಡೆಯನ್ನೇ ಹುಡುಕಿ ಕಚ್ಚಿಕೊಳ್ಳುವ ಪ್ರಾಣಿ.
ಗಲೀಸಿಯಾದ ಈ ಸಾವಿನ ದಂಡೆಯಲ್ಲಿ
ನಲವತ್ತು ವರ್ಷ ಅದನ್ನು ಕೆರೆದು ಕಿತ್ತವಳು ನಾನು,
ಸೊಂಟಕ್ಕೆ ಹಗ್ಗ, ಕೈಯಲ್ಲಿ ಕಬ್ಬಿಣದ ಪಟ್ಟಿ,
ಕಡಲಿಗೆ ಬೆನ್ನು ಕೊಡಬೇಡ ಎಂಬ ಒಂದೇ ಒಂದು ಪಾಠ.
"ಹರಾಜುಕಟ್ಟೆಯಲ್ಲಿ ಕೇಳು, ಕಿಲೋಗೆ ಎಷ್ಟು ಕೊಡ್ತಾರೆ,
ಕ್ರಿಸ್‌ಮಸ್ ಹತ್ತಿರ ಬಂತು" ಅಂದೆ.
ಇರಿಯಾ ನಕ್ಕಳು. ಇಕ್ಕುಳ ಹಿಡಿದ ಕೈ ನಗಲಿಲ್ಲ.

"ಹೆಬ್ಬೆರಳದ್ದು ಬೇರುಸಹಿತ ತೆಗೆದುಬಿಡಲೇ?
ಮತ್ತೆ ಬೆಳೆಯುವುದೇ ಇಲ್ಲ."
ಬೇಡ ಅಂದೆ.
ಯಾಕೆ ಅಂತ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಅವತ್ತು ಎರಡು ಅಲೆ ಎಣಿಸಿದ್ದೆವು.
ಮೂರನೆಯದು ಎಣಿಕೆಗೆ ಸಿಗಲಿಲ್ಲ.
ಹಗ್ಗ ಹರಿಯಿತು. ಬಂಡೆಯ ಬಿರುಕಿಗೆ ಸಿಕ್ಕ ಈ ಬೆರಳು
ನನ್ನ ಇಡೀ ಮೈಯನ್ನು ಹಿಡಿದು ನಿಂತಿತು.
ಉಗುರು ಬುಡದಿಂದ ಎದ್ದು ಹೋಯಿತು, ಬೆರಳು ಬಿಡಲಿಲ್ಲ.
ನಾದಿನಿ ಶೆನೆರೋಸಾ ಒಂದು ಮಾರು ಆಚೆಗಿದ್ದಳು.
ಇಬ್ಬರಿಗೂ ಸೇರಿ ಇದ್ದದ್ದು ಒಂದು ಜೊತೆ ಬೂಟು,
ಅವತ್ತು ಅವಳ ಸರದಿ.

ಆಮೇಲೆ ಬೆಳೆದದ್ದೆಲ್ಲ ಹೀಗೆ, ಸೊಟ್ಟಗೆ.

ಟಣ್ ಎಂದು ಒಂದು ಚೂರು ಸ್ಟೀಲು ತಟ್ಟೆಗೆ ಬಿತ್ತು.
ಇನ್ನೊಂದು ಕಿಟಕಿಗೆ ಹಾರಿತು.
ಕೀವು ತೆಗೆದಳು, ಔಷಧ ಮೆತ್ತಿದಳು, ಬಟ್ಟೆ ಸುತ್ತಿದಳು.
ಆರು ವರ್ಷದಲ್ಲಿ ನನ್ನ ಪಾದ ಹಿಡಿದ ಮೊದಲ ಕೈ,
ರಬ್ಬರಿನದು, ಆದರೂ ಬೆಚ್ಚಗಿತ್ತು.
"ಎರಡು ತಿಂಗಳಿಗೊಮ್ಮೆ ಬಾ. ನೀನು ಬಗ್ಗಬೇಡ."
ತಟ್ಟೆಯಲ್ಲಿದ್ದ ದೊಡ್ಡ ಚೂರು ಕೇಳಿ ಇಸಿದುಕೊಂಡೆ,
ಕರವಸ್ತ್ರದಲ್ಲಿ ಕಟ್ಟಿ ಕಿಸೆಗೆ ಹಾಕಿದೆ.
ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಅಂದುಕೊಳ್ಳಲಿ.

ರಾತ್ರಿ ದುಪ್ಪಟಿ ಬೆರಳ ಮೇಲೆ ಸುಮ್ಮನೆ ಕೂತಿತು.
ನೋವಿಲ್ಲ. ನಿದ್ದೆಯೂ ಇಲ್ಲ.
ಹೊರಗೆ ಕಡಲು ಜೋರಿತ್ತು.
ಒಂದು ಅಂದೆ. ಎರಡು ಅಂದೆ.
ಮೂರನೆಯದು ಬರುವ ಮೊದಲೇ
ಹೆಬ್ಬೆರಳು ತಾನಾಗಿ ಮುದುರಿ
ಹಾಸಿಗೆಯನ್ನು ಕಚ್ಚಿ ಹಿಡಿಯಿತು.