ಅಪಾ ಕಬರ್

ಜಾವಾದಿಂದ ಬೆಳ್ಳಿ ಕೆಲಸದಾಕಿ ಬಂದಾಳ, ವಿನಾರ್ಸಿ,
ಚೌಬಾರದ ಹಿಂದಿನ ಗಲ್ಲಿಗೆ, ನಮ್ಮ ಕಾರ್ಖಾನಿಗೆ,
ಎರಡು ತಿಂಗಳು ಬಿದ್ರಿ ಕಲೀಲಿಕ್ಕೆ.
ಮೊದಲ ದಿನ ಚಪ್ಪಲಿ ಬಿಟ್ಟು ಒಳಗ ಬಂದಾಕಿ
ನನ್ನ ಮಾರಿ ನೋಡಿ ನಕ್ಕು ಕೇಳಿದಳು:
ಅಪಾ ಕಬರ್?

ಉಳಿ ಕೈಯಾಗೇ ನಿಂತಿತು.
ಇಷ್ಟು ದೂರದಾಕಿಗೆ ಯಾರು ಹೇಳಿದರು
ಅಪ್ಪ ಹೋಗಿ ಇನ್ನಾ ಇಪ್ಪತ್ತು ದಿನ ಆಗಿಲ್ಲಂತ?

ಅಪ್ಪ, ಧೂಳಪ್ಪ, ಈ ಕಾರ್ಖಾನಿಗೆ ಕೋಟಿ ಮಣ್ಣು ತರಾಂವ.
ಬಿಸಲು ಮಳಿ ಮುಟ್ಟದ ಮೂಲಿ ಹುಡುಕಿ
ಚಿಟಿಕಿ ಮಣ್ಣು ನಾಲಿಗಿ ಮ್ಯಾಲ ಇಟ್ಟು
ಕಣ್ಣು ಮುಚ್ಚಾಂವ. ಬಂತು ಅಂದ್ರ ಬಂತು.
ಉಗುಳಿ, ಚೀಲ ತುಂಬಾಂವ.
ಚೀಲ ಹೊತ್ತೇ ಒಂದಿನ ಖಬರ್ ತಪ್ಪಿ ಬಿದ್ದ.
ದವಾಖಾನಿದಾಗ ಒಂಬತ್ತು ದಿನ
ಅವ್ವ ನರ್ಸಮ್ಮನಿಗೆ ಕೇಳತಿದ್ದದ್ದು ಒಂದೇ:
ಖಬರ್ ಬಂತೇನವಾ?
ಓಣಿಯವರು ಅವ್ವನಿಗೆ ಕೇಳತಿದ್ದದ್ದೂ ಅದೇ:
ಏನಾರೆ ಖಬರ್ ಬಂತೇನು?

ಖದೀರ ಉಸ್ತಾದರು ಸುತ್ತಿಗಿ ಕೆಳಗಿಟ್ಟರು.
‘ಹುಚ್ಚಿ, ಹ್ಯಾಂಗಿದ್ದಿ ಅಂತ ಕೇಳಲತ್ತಾಳ.
ಹಜ್‌ದಾಗ ಜಾವಾದವರ ಬಾಜೂಕೇ ನಮ್ಮ ಡೇರೆ ಇತ್ತು.
ಅಪಾ ಅಂದ್ರ ಏನು. ಖಬರ್ ಅಂದ್ರ ಖಬರೇ.
ಅರಬರ ಮಾತು, ಹಡಗು ಹತ್ತಿ ಬಂದದ್ದು;
ಕುದುರಿ ಜೋಡಿ ಒಂದಷ್ಟು ನಮ್ಮ ಕಡಿ ಇಳೀತು,
ಉಳಿದದ್ದು ಲವಂಗದ ವಾಸನಿ ಹಿಡಿದು ಮುಂದ ಹೋಯ್ತು.’
ಆಮ್ಯಾಲ ಧ್ವನಿ ಸಣ್ಣ ಮಾಡಿ:
‘ನೀ ಕೇಳಿಸಿಕೊಂಡದ್ದೂ ಸುಳ್ಳಲ್ಲ ಬಿಡು.
ಗೋರಿಗೂ ನಾವು ಖಬರೇ ಅಂತೀವಿ.
ಅರಬಿದಾಗ ಅದರ ಮೊದಲಕ್ಷರ ಬ್ಯಾರೆ, ಗಂಟಲ ತಳದ್ದು.
ನಮ್ಮ ದಖನಿ ಗಂಟಲಿಗೆ ಅಷ್ಟು ಆಳ ಇಲ್ಲ.
ನನ್ನ ಹೆಸರಿಂದೂ ಅದೇ ಅಕ್ಷರ,
ಅರಬನೊಬ್ಬ ಸರಿಯಾಗಿ ಕರೆದರ ನಾನೇ ಓ ಅನ್ನಲ್ಲ.’

ಕೆಮ್ಮಿದಂಗ ಮಾಡಿ ಆ ಅಕ್ಷರ ತೋರಿಸಿದರು.
ವಿನಾರ್ಸಿ ತಲಿ ಹಾಕಿದಳು. ಆಕಿ ಊರಾಗ ಗೋರಿಗೆ ಕುಬುರ್.
ಎರಡನ್ನೂ ಬ್ಯಾರೆ ಬ್ಯಾರೆ ಡಬ್ಬಿದಾಗ ಇಟ್ಟಾರ ಆ ಮಂದಿ,
ಮೈಲುತುತ್ತ, ನವಸಾಗರ ಇಟ್ಟಂಗ.
ನಮ್ಮಲ್ಲಿ ಒಂದೇ ಡಬ್ಬಿ: ಸುದ್ದಿ, ಎಚ್ಚರ, ಕುಣಿ.
ಹಾಲು ಉಕ್ಕಿಸಿದರ ಅವ್ವ ಬೈತಾಳ, ಖಬರಗೇಡಿ.

ಇವತ್ತು ಅಪ್ಪ ತಂದ ಕಡೀ ಚೀಲ ಬಿಚ್ಚಿದೆವು,
ವಿನಾರ್ಸಿಯ ಮೊದಲ ತಾಟು ಕಪ್ಪಿಡಲಿಕ್ಕೆ.
ರುಚಿ ನೋಡಾವರಿಲ್ಲ. ನಾನೇ ಚಿಟಿಕಿ ಇಟಗೊಂಡೆ.
ಉಪ್ಪು, ಹಿಂದ ಸ್ವಲ್ಪ ಒಗರು.
ಅಷ್ಟರಾಗ ಬಾಗಿಲಿಗೆ ಚಪ್ಪಲಿ ಸಪ್ಪಳ,
ಅಪಾ ಕಬರ್?
ಉತ್ತರ ಆಕಿನೇ ಕಲಿಸಿದ್ದಳು: ಕಬರ್ ಬಾಯಿಕ್, ಖಬರ್ ಛಲೋ ಅದ.
ಹೇಳಬೇಕಂದ್ರ ಉಗುಳಬೇಕಿತ್ತು.
ತಡಿ ಅಂತ ಕೈ ಮಾಡಿದೆ.