ತುಟಿಗೇಡಿ

ಗಾಸ್ಪೆಯ ಈ ದಂಡೆಯಲ್ಲಿ ಮೌತ್ ಆರ್ಗನ್ನಿಗೆ
ಹಳಬರು ಇಟ್ಟ ಹೆಸರು ತುಟಿಗೇಡಿ.
ಚಳಿಗೆ ತಗಡು ತುಟಿಗೆ ಕಚ್ಚಿಕೊಂಡು
ಬಿಡಿಸುವಾಗ ಒಂದು ಪದರ ಚರ್ಮ ಅದರ ಪಾಲು.
ನನ್ನ ಗಂಡ ಓವಿಲಾನ ಕೆಳತುಟಿಯಲ್ಲಿ
ಅಂಥ ಕಲೆ ಮೂರು. ಮದುವೆಗೆ ಮುಂಚಿನವು.
ನೋಡಿಯೇ ಒಪ್ಪಿದ್ದೆ.

ಅದೊಂದೇ ಆಗಿದ್ದರೆ ಸೈ.
ಗಿಟಾರು, ಚಿಕ್ಕಪ್ಪನ ಪಿಟೀಲು,
ಎಂಟರಲ್ಲಿ ಆರೇ ತಂತಿ ಉಳಿದ ಮ್ಯಾಂಡೊಲಿನ್,
ಬೆಕ್ಕು ಪರಚಿದ ಗುರುತಿರುವ ಬ್ಯಾಂಜೊ,
ಎಲ್ಲಕ್ಕೂ ಒಲೆಯ ಪಕ್ಕದ ಗೋಡೆಯೇ ಬೇಕು.
ನನ್ನ ಬಾಣಲೆಗೆ ಮೊಳೆ ಸಿಗಲಿಲ್ಲ.

ಎರಡು ದೋಣಿಗೆ ಕಾಲಿಟ್ಟವನು ಮುಳುಗುತ್ತಾನೆ
ಅಂತ ಅಮ್ಮ ಹೇಳಿದ್ದಳು. ಇವನು
ಲಾಬ್‌ಸ್ಟರ್ ಬೋನಿನ ತಂತಿ ಬಗ್ಗಿಸಿ
ಕೊರಳಿಗೊಂದು ನೊಗ ಮಾಡಿಕೊಂಡ,
ಅದರ ಕವಲಿಗೆ ತುಟಿಗೇಡಿಯನ್ನು ಸಿಕ್ಕಿಸಿ
ಗಿಟಾರನ್ನು ತೊಡೆಗೇರಿಸಿ
ಎರಡೂ ದೋಣಿಯನ್ನು ಒಂದೇ ಹುಟ್ಟಿನಲ್ಲಿ ನಡೆಸಿದ.

ಕೈಗೆ ತಂತಿ, ಬಾಯಿಗೆ ತಗಡು,
ತಾಳ ಹಾಕುವ ಎರಡೂ ಪಾದಕ್ಕೆ ನೆಲದ ಹಲಗೆ.
ಇಡೀ ಮನುಷ್ಯನೇ ಕೆಲಸಕ್ಕೆ ಹೋಗಿಬಿಟ್ಟಿದ್ದ.
ನನಗೆಂದು ಉಳಿದದ್ದು ಹುಬ್ಬು.
ಒಮ್ಮೆ ಎತ್ತಿದರೆ ಟೀ,
ಎರಡು ಸಲ ಎತ್ತಿದರೆ ಕಿಟಕಿ ಮುಚ್ಚು.
ನಲವತ್ತೊಂದು ಚಳಿಗಾಲ
ಒಂದು ಜೊತೆ ಹುಬ್ಬಿನೊಂದಿಗೆ ಸಂಸಾರ ಮಾಡಿದೆ.

ಒಂದು ರಾತ್ರಿ ಪಕ್ಕದ ಮನೆಯ ತಾದೇ ಕೇಳಿದ:
ಗಿಟಾರಿನಲ್ಲಿ ರೇ ಹಿಡಿದು
ಬಾಯಿಗೆ ಸೋಲ್‌ನದು ಯಾಕೆ ಇಟ್ಟುಕೊಳ್ಳುತ್ತೀಯ?
ಓವಿಲಾ ನೊಗ ಸರಿಸಿ ಹೇಳಿದ:
'ಮುಂಬಾಗಿಲಿನಿಂದ ಹೋದರೆ ಹಾಡು ನಗುತ್ತದೆ,
ಪಕ್ಕದ ಬಾಗಿಲಿನಿಂದ ಹೋದರೆ ಅಳುತ್ತದೆ.
ಒಳಗೆ ಎಳೆದುಕೊಂಡ ಸ್ವರವೇ ಬಗ್ಗುವುದು,
ಹೊರಗೆ ಊದಿದ್ದು ಸೆಟೆದೇ ನಿಲ್ಲುತ್ತದೆ.'
ಅವನ ಬಾಯಿಂದ ನಾನು ಕೇಳಿದ
ಅತಿ ಉದ್ದದ ಮಾತು ಅದು.
ಹೇಳಿದ್ದು ತಾದೇಗೆ.

ಹೋದ ವರ್ಷ ಶ್ವಾಸಕೋಶ ಕೈಕೊಟ್ಟಿತು.
ರಿಮೂಸ್ಕಿಯ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದರು,
ಇಲಿ ಕಡಿದ ಬಲೆಯ ಹಾಗಿತ್ತು.
ಮೂಗಿಗೆ ನಳಿಗೆ. ಇನ್ನು ಊದುವಂತಿಲ್ಲ.
ಕೊರಳಿನ ನೊಗವನ್ನು ಮಾತ್ರ ಇವನು ತೆಗೆಯಲಿಲ್ಲ,
ಅದರ ಕವಲಿನ ಮೇಲೆ ನಳಿಗೆ ಹಾಯಿಸಿಕೊಂಡ.
ಅಳತೆ ಕೊಟ್ಟು ಮಾಡಿಸಿದಂತೆ ಹೊಂದಿತು.

ಬಾಯಿ ಖಾಲಿಯಾಯಿತಲ್ಲ, ಇನ್ನು
ನಲವತ್ತೊಂದು ವರ್ಷದ ಮಾತು
ಏಪ್ರಿಲ್‌ನ ಹಿಮಗಡ್ಡೆಯ ಹಾಗೆ ಒಡೆದು ಬರುತ್ತದೆ
ಅಂತ ಕುರ್ಚಿ ಎಳೆದುಕೊಂಡು ಕೂತೆ.
ಸೂಪಿಗೆ ಉಪ್ಪು ಕಮ್ಮಿ, ಅಂದ.
ಮಾರನೆಯ ದಿನವೂ ಅದೇ.

ಗಿಟಾರು ಬಿಡಲಿಲ್ಲ. ಆದರೆ ಹಾಡಿನ ನಡುವೆ
ಉಸಿರು ಬರಬೇಕಾದ ಕಡೆ
ಬರೀ ಮೆಲ್ಲಗೆ ಮೀಟುತ್ತಾ ಕಾಯುತ್ತಾನೆ,
ತಡವಾದವನಿಗೆ ತಟ್ಟೆ ಇಟ್ಟು ಕೂತವರ ಹಾಗೆ.
ಪಾತ್ರೆ ತೊಳೆಯುವ ನನ್ನ ಕೈಯೂ
ಅಲ್ಲಿ ನಿಲ್ಲುವುದನ್ನು ಕಲಿಯಿತು.

ಫೆಬ್ರವರಿಯ ರಾತ್ರಿ. ಚಮಚದ ಡ್ರಾಯರಿನಲ್ಲಿ
ಫೋರ್ಕುಗಳ ಕೆಳಗೆ ಅದು ಸಿಕ್ಕಿತು,
ಸೋಲ್‌ನದೇ, ಹತ್ತು ತೂತು, ಒಂದರಲ್ಲಿ ಹೊಗೆಸೊಪ್ಪಿನ ಪುಡಿ.
ತೊಳೆಯಬೇಕಿತ್ತು. ತೊಳೆಯಲಿಲ್ಲ.
ಬಾಯಿಗಿಟ್ಟೆ: ಉಪ್ಪು, ಹಿತ್ತಾಳೆ, ಹೊಗೆ.
ಈ ರುಚಿ ನನಗೆ ಗೊತ್ತು.
ಮೊದಲ ವರ್ಷಗಳಲ್ಲಿ ಚೆನ್ನಾಗಿಯೇ ಗೊತ್ತಿತ್ತು.

ಊದಿದೆ. ಕಡಲಹಕ್ಕಿಯನ್ನು ತುಳಿದಂತೆ ಕಿರುಚಿತು.
ಒಳಕೋಣೆಯ ಗಿಟಾರು ನಿಂತಿತು.
ಬಾಯಿ ಬಿಟ್ಟರೆ ಬಣ್ಣಗೇಡು, ಸಾಕು,
ಅಂತ ಡ್ರಾಯರು ಎಳೆಯುತ್ತಿದ್ದೆ.

'ಊದಬೇಡ,' ಅಂದ ಅಲ್ಲಿಂದಲೇ.
'ಎಳೆ. ಎರಡನೆಯ ತೂತು.'

ಎಳೆದೆ. ಗಂಟಲು ಕಟ್ಟಿದವರ ದನಿ ಅದಕ್ಕೆ.
ಆಚೆಯಿಂದ ರೇ ಬಂದು
ಅದರ ಮೊಣಕೈ ಹಿಡಿದು ನಿಲ್ಲಿಸಿತು.
'ಇನ್ನೂ,' ಅಂದ. ಕೆಮ್ಮಿದ. 'ಇನ್ನೂ ಎಳೆ.'

ಎಷ್ಟು ಹೊತ್ತೋ. ಒಲೆ ಆರಿತ್ತು.
ಬೆಳಿಗ್ಗೆ ಕನ್ನಡಿಯ ಮುಂದೆ
ತುಟಿಗೆ ಏನೂ ಆಗಿಲ್ಲ ಅಂತ ಕಂಡು
ಸ್ವಲ್ಪ ಬೇಜಾರಾಯಿತು.