ತಣ್ಣಗಿರುವಾಗ ಮುಟ್ಟು

ರುಸ್ತಾವಿಯ ಹಳೆಕಾರು ಸಂತೆಯಲ್ಲಿ
ಬೆಳಗಿನ ಏಳಕ್ಕೇ ಮಿಂದು ನಿಂತಿತ್ತು
ಕಪ್ಪು ಜರ್ಮನ್ ಕಾರು, ನಾಲ್ಕನೆಯ ಒಡೆಯನಿಗಾಗಿ.

ಒಟಿಯಾ ಸೀಟು ಸವರಿದ, ತೊಗಲು ಮೂಸಿದ,
ಮದುಮಗನ ಹಾಗೆ ಕನ್ನಡಿಯಲ್ಲಿ ಮುಖ ನೋಡಿಕೊಂಡ.
ಸೋದರತ್ತೆ ಮ್ಝಿಯಾ, ಟ್ರಾಮ್ ಡಿಪೋದಲ್ಲಿ
ಮೂವತ್ತು ವರ್ಷ ಗ್ರೀಸಿನಲ್ಲಿ ನೆಂದ ಕೈಯವಳು,
ಮಗುವಿನ ಜ್ವರ ನೋಡುವಂತೆ
ಬಾನೆಟ್ಟಿನ ಮೇಲೆ ಅಂಗೈಯಿಟ್ಟಳು:
"ಈ ಚಳಿಯಲ್ಲೂ ಬೆಚ್ಚಗಿದೆಯಲ್ಲ,
ನಾವು ಬರುವ ಮೊದಲೇ ಎಬ್ಬಿಸಿದ್ದು ಯಾಕೆ?"

ಮಾರುವವ ನಕ್ಕ. ಚಹಾ ತರಿಸಿದ.
ಬೆಲೆ ಇಳಿಸಿದ. ಇನ್ನೂ ಇಳಿಸಿದ.
"ನಾಳೆ ಬರ್ತೀವಿ," ಅಂದಳು ಅತ್ತೆ,
"ಏಳೋ ಮೊದಲೇ ನೋಡ್ತೀವಿ."

ಮರುದಿನ ಮಂಜು. ಕಾರು
ಎಡಗಡೆ ಮಂಡಿಯೂರಿ ಕೂತಿತ್ತು,
ಹೊರೆ ಒಲ್ಲದ ಒಂಟೆ.
ರಾತ್ರಿಯಿಡೀ ಉಸಿರು ಬಿಟ್ಟಿತ್ತು ಒಳಗಿನ ಗಾಳಿಚೀಲ.
"ಇದೊಂದಕ್ಕೇ ನಿನ್ನ ನಾಲ್ಕು ತಿಂಗಳ ಸಂಬಳ.
ಇನ್ನು ಮೂರು ಸರದಿಯಲ್ಲಿವೆ."

ವ್ಯಾನು ಹತ್ತಿದ ಮೇಲೂ ಒಟಿಯಾನಿಗೆ ಮುನಿಸು,
ಕೂಡಿಬಂದ ಸಂಬಂಧ ಮುರಿದವಳು ಅತ್ತೆಯೇ ಎಂದು.

ಹಿಂದಿನ ಗಾಜಿನಲ್ಲಿ ಕಂಡಿತು:
ಎಂಜಿನ್ನು ಗುರ್ರೆಂದು, ಕಾರು ಮೆಲ್ಲಗೆ
ಏನೂ ಆಗದವರಂತೆ ಎದ್ದು ನಿಂತದ್ದು;
ಗೇಟಿನಲ್ಲಿ ಯಾರೋ ಗಂಡ ಹೆಂಡತಿ,
ಕೈಯಲ್ಲಿ ದಪ್ಪ ಲಕೋಟೆ.

"ನಿಲ್ಲಿಸಪ್ಪ," ಅಂದ ಒಟಿಯಾ ಡ್ರೈವರನಿಗೆ,
ಅತ್ತೆಯ ಮುಖ ನೋಡದೆ.